ಸಿಹಿನೀರಿನ ಕರಾರು

ಕಂತು ಏಳು

ಲಡಿ ಕೆಂಪಾಗಿಯೇ ಮೇಲೆ ಬಂತು.

ಇಳಕಲ್ಲಿನ ಸೆರಗಿಗೆ ಬೇಕಾದ ಅದೇ ಕಿರಮಂಜಿ ಕೆಂಪು, ಕಣ್ಣು ಕೋರೈಸುವಂಥದ್ದು. ಗುರುಸಿದ್ದವ್ವನ ಮೈದುನ ನೀಲಪ್ಪ ನೂಲಿನ ಲಡಿಯನ್ನು ಹಂಡೆಯಿಂದ ಕೋಲಿನಲ್ಲಿ ಎತ್ತಿ, ಹಿಂಡಿ, ಝಾಡಿಸಿ, ಬಾವಿಯ ಅಂಗಳದಲ್ಲಿದ್ದ ಎಲ್ಲರಿಗೂ ಕಾಣುವಂತೆ ಹಿಡಿದ. ಪಂಚರಾಗಿ ಬಂದಿದ್ದ ಹನಮಪ್ಪ ಮಾಸ್ತರರು ಕನ್ನಡಕ ಏರಿಸಿಕೊಂಡು ಹತ್ತಿರ ಬಂದು ನೋಡಿದರು.

"ಬಣ್ಣ ಅಂದ್ರ ಇದು. ಏನಂತೀರಿ, ಗುರುಸಿದ್ದವ್ವಾರ?" ಎಂದರು.

ಗುರುಸಿದ್ದವ್ವ ಲಡಿಯ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ನೋಡಿದಳು. ಇಪ್ಪತ್ತು ವರ್ಷದಿಂದ ಬಣ್ಣದ ಮನೆಯ ಹೊಗೆ ಕುಡಿದವಳು ಅವಳು. ತನ್ನ ಕೆಂಪು ಇಷ್ಟು ಚೆಂದ ಕಚ್ಚಿದ್ದು ಅವಳಿಗೆ ಬೇಡವಾದದ್ದು ಇದೇ ಮೊದಲು.

ಮುಂಗಾರಿನಿಂದ ಈಚೆಗೆ ಅವಳ ಬಣ್ಣ ನಿಲ್ಲುತ್ತಿರಲಿಲ್ಲ. ಮೊದಲ ಒಗೆತಕ್ಕೇ ಸೆರಗಿನ ಕೆಂಪು ಹರಿದು, ಬಿಳಿಯ ತೆನೆ ಚಿತ್ತಾರಗಳೆಲ್ಲ ಗುಲಾಬಿಯಾಗಿ, ಸೀರೆಗಳು ಗಂಟುಗಂಟಾಗಿ ವಾಪಸು ಬರುತ್ತಿದ್ದವು. ಪುಡಿ ಬದಲಿಸಿ ನೋಡಿದಳು, ಹಂಡೆ ಬದಲಿಸಿ ನೋಡಿದಳು. ಕೊನೆಗೆ ಕಮತಗಿಯ ತಂಗಿ ಬಸ್ಸಿನಲ್ಲಿ ಒಂದು ಕೊಡ ನೀರು ತಂದುಕೊಟ್ಟಾಗ ಅದರಲ್ಲಿ ಅದ್ದಿದ ಲಡಿ ಮಾತ್ರ ಕೆಂಪಗೆ ಉಳಿಯಿತು. ಅಂದರೆ ಕೆಟ್ಟದ್ದು ನೀರು. ಸವಳು, ಉಪ್ಪಿನಂಶ, ಬೆರೆತಿತ್ತು. ನಾಲಿಗೆಗೆ ತಿಳಿಯದಷ್ಟು ಸಣ್ಣ ಸವಳು, ಬಣ್ಣಕ್ಕೆ ಮಾತ್ರ ತಿಳಿಯುವಂಥದ್ದು.

ಸವಳು ಎಲ್ಲಿ ಬೆರೆಯಿತು? ಅವಳು ನೀರು ಕೊಳ್ಳುತ್ತಿದ್ದ ರಾಚಯ್ಯನವರ ಬಾವಿಯಲ್ಲೋ, ಆ ಬಾವಿಯಿಂದ ಅವಳ ಮನೆಯ ತನಕದ ದಾರಿಯಲ್ಲೋ? ಇದೊಂದು ಪ್ರಶ್ನೆ ಹಿಡಿದು ಅವಳು ಬಾವಿಯ ಗೇಟಿಗೆ ಎಷ್ಟು ಸಲ ಬಂದಿದ್ದಳೋ. ಪ್ರತಿ ಸಲವೂ ರಾಚಯ್ಯನವರದು ಒಂದೇ ಉತ್ತರ: ಕರಾರಿನ ದಿನ ಬಾ ತಂಗಿ, ಪದ್ಧತಿ ಐತಿ, ಎಲ್ಲಾರ ಮುಂದ ನೋಡೂಣು.

ಆ ದಿನ ಬಂದಿತ್ತು. ಎಪ್ಪತ್ತೊಂಬತ್ತರ ದೀಪಾವಳಿ ಪಾಡ್ಯ. ಅವಳ ಗಂಡ ಅಮಾತೆಪ್ಪ ಮಾಡಿಟ್ಟು ಹೋದ ಐದು ವರ್ಷದ ನೀರಿನ ಕರಾರು ಇವತ್ತಿಗೆ ಮುಗಿಯುತ್ತಿತ್ತು.

ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ನೀರು ಕೊಡುವವರ ನೀರು, ನೀರು ಕೊಳ್ಳುವವರ ಬಣ್ಣ. ಪಂಚರ ಎದುರಿಗೆ ಒಂದು ಲಡಿ ಅದ್ದಬೇಕು, ನೆರಳಿಗೆ ಹಾಕಬೇಕು. ಅದು ಒಣಗುವ ತನಕ ಬಾವಿಯವರ ಮನೆಯಲ್ಲಿ ಹೋಳಿಗೆ ಊಟ. ಊಟವಾದ ಮೇಲೆ ಒಣಗಿದ ಲಡಿಯನ್ನು ಬಿಳಿಯ ಧೋತರಕ್ಕೆ ತಿಕ್ಕಬೇಕು. ಧೋತರ ಬಿಳಿಯಾಗಿಯೇ ಉಳಿದರೆ ಸಹಿ.

ನೀರನ್ನು ಅವಳ ಕಣ್ಣೆದುರೇ ಎತ್ತಿದ್ದರು. ಬಾವಿಯ ದಂಡೆಗೆ ಸಿಮೆಂಟಿನ ಟಾಕಿ ಇತ್ತು. ಎಂಜಿನ್ನು ಬಾವಿಯ ನೀರನ್ನು ಎತ್ತಿ ಅದಕ್ಕೇ ಬಿಡುತ್ತಿತ್ತು, ದಿನವೂ ಗಾಡಿ ತುಂಬುತ್ತಿದ್ದದ್ದೂ ಅದರಿಂದಲೇ. ತಾಮ್ರದ ಕೊಡವನ್ನು ಅವಳೇ ಟಾಕಿಯಲ್ಲಿ ಮುಳುಗಿಸಿದ್ದಳು. ಇನ್ನೇನು ಹೇಳಲು ಉಳಿದಿದೆ?

"ಬಾವಿದೇನೂ ತಪ್ಪಿಲ್ಲ ಅಂತ ಆತು," ಎಂದರು ರಾಚಯ್ಯನವರು, ಹೆಗಲ ಮೇಲಿನ ಶಲ್ಯ ಸರಿಪಡಿಸಿಕೊಳ್ಳುತ್ತ. "ಇನ್ನ ಉಳಿದದ್ದು ದಾರಿ."

ಎಲ್ಲರ ಕಣ್ಣೂ ಗೇಟಿನ ಕಡೆ ತಿರುಗಿದವು. ಅಲ್ಲಿ ಬೇವಿನ ಮರದ ಕೆಳಗೆ ಅವಳದೇ ನೀರಿನ ಗಾಡಿಯ ಮೂಕಿಗೆ ಒರಗಿಕೊಂಡು ನಬಿಸಾಬ ಕೂತಿದ್ದ. ಅಮಾತೆಪ್ಪ ಇದ್ದ ಕಾಲದಿಂದ ಬಣ್ಣದ ಮನೆಗೆ ನೀರು ಹೊಡೆದವನು. ತನ್ನನ್ನು ನೋಡುತ್ತಿದ್ದಾರೆಂದು ತಿಳಿದೂ ಅವನು ಎತ್ತಿನ ಕೊರಳ ಹಗ್ಗವನ್ನು ಸಡಿಲಿಸುತ್ತ ಕೂತ.

"ನಾ ಮೊದಲ ಹೇಳಿದ್ನೆಲ್ರಿ ವೈನಿ," ಎಂದ ನೀಲಪ್ಪ. "ಇಲ್ಲಿ ಅರ್ಧಾ ತುಂಬತಾನ, ಉಳಿದದ್ದು ಹಳ್ಳದ ಗುಂಡಿನೀರು. ಎತ್ತಿಗೂ ಹಗರ, ಅವಗೂ ಹಗರ. ನೀವು ನನ್ನ ಮಾತು ಕೇಳಲಿಲ್ಲ."

"ನೀ ಕಂಡೀಯೇನು ನೀಲಪ್ಪ?"

"ಕಾಣಬೇಕೇನ್ರಿ? ಲಡಿನ ಹೇಳಾಕ ಹತ್ತೇತಿ."

ಗಂಡನ ತಮ್ಮ ಅವನು. ಅವನು ಸಾಲಿ ಬಿಡುವ ಮೊದಲೇ ಆ ಮನೆಗೆ ಸೊಸೆಯಾಗಿ ಬಂದವಳು ಅವಳು. ಎರಡು ವರ್ಷದ ಹಿಂದೆ ಅಮಾತೆಪ್ಪ ತೀರಿಕೊಂಡ ಮೇಲೆ ಪೇಟೆಯವರೆಲ್ಲ ಅವಳ ಬಣ್ಣದ ಮನೆಯ ವ್ಯವಹಾರವನ್ನು ಅವನ ಕೂಡ ಮಾತಾಡುತ್ತಿದ್ದರು, ಸಹಿಗೆ ಮಾತ್ರ ಅವಳನ್ನು ಕರೆಯುತ್ತಿದ್ದರು. ಹೀಗೆ ಕರೆಸಿಕೊಂಡು ಕರೆಸಿಕೊಂಡು ಅವಳಿಗೆ ತನ್ನ ಹೆಸರನ್ನು ಬರೆಯುವುದೇ ಬೇಸರವಾಗಿತ್ತು.

ಮಾಸ್ತರರು ಹೊಸ ಕರಾರನ್ನು ಬಿಚ್ಚಿ ಗಟ್ಟಿಯಾಗಿ ಓದಿದರು. ಮತ್ತೆ ಐದು ವರ್ಷ. ಗಾಡಿಯ ಗಾಲಿ ಗೇಟು ದಾಟಿದ ಮೇಲೆ ನೀರಿನ ಗುಣಕ್ಕೆ ಬಾವಿಯವರು ಹೊಣೆಯಲ್ಲ. ಅವಧಿ ಮುಗಿಯುವ ತನಕ ಬಣ್ಣದ ಮನೆಯವರು ಬೇರೆ ಯಾವ ಬಾವಿಯ ನೀರನ್ನೂ ತರಕೂಡದು.

"ಇದು ಹಳೇ ಕರಾರಿನ್ಯಾಗ ಇರಲಿಲ್ರಿ," ಎಂದಳು ಗುರುಸಿದ್ದವ್ವ.

"ಯಾವುದು?"

"ಬ್ಯಾರೆ ನೀರು ತರಬಾರದು ಅನ್ನೂದು."

"ಈಗಿನ ಕಾಲಮಾನಕ್ಕ ಬೇಕಾಗತೈತಿ ತಂಗಿ," ಎಂದರು ರಾಚಯ್ಯನವರು ಮೆತ್ತಗೆ. "ಕಲ್ಲು ಪಾಲಿಶ್ ಮಾಡೋ ಕಾರಖಾನಿಯವರು ದಿನಾ ಬಂದು ಕುಂದ್ರತಾರ, ಬಾವಿ ಕೊಡ್ರಿ ಅಂತ. ನಿನ್ನ ಗಂಡನ ಮಾರಿ ನೋಡಿ ಬ್ಯಾಡ ಅಂದೀನಿ. ನೀ ಐದು ವರ್ಷ ಗಟ್ಟಿ ನಿಲ್ಲತೀನಿ ಅಂದ್ರ ನಾ ಅವರಿಗೆ ಹೇಳಿ ಕಳಸತೇನಿ. ಇಲ್ಲಾಂದ್ರ ನಾಳಿಂದ ಗೇಟು ಅವರಿಗೆ."

"ನೀರು ಕೆಟ್ಟರ ಕರಾರು ಮುರೀಬಹುದು ಅಂತ ಒಂದು ಮಾತು ಬರೀರಿ."

"ಲಡಿ ಕಂಡ ಮ್ಯಾಲೂ ಅದ ಮಾತೇನು?"

ಮಾಸ್ತರರು ನಕ್ಕರು. ನೀಲಪ್ಪನೂ ನಕ್ಕ. ಸಹಿ ಮಾಡಿದರೆ, ನೀರು ಹೀಗೇ ಬಂದರೆ, ಐದು ವರ್ಷ ಅವಳ ಮನೆಯಲ್ಲಿ ಕೆಂಪು ಹುಟ್ಟುವುದಿಲ್ಲ. ಕೆಂಪಿಲ್ಲದ ಬಣ್ಣದ ಮನೆಯನ್ನು ಇಳಕಲ್ಲಿನಲ್ಲಿ ಯಾರು ಕೇಳುತ್ತಾರೆ? ಮಾಡದಿದ್ದರೆ ನಾಳೆ ಬೆಳಿಗ್ಗೆಯೇ ಒಲೆ ಆರುತ್ತದೆ, ನೂಲು ಹಿಂಡುವ ಹೆಂಗಸರು ಬಾಗಿಲಿಗೆ ಬಂದು ವಾಪಸು ಹೋಗುತ್ತಾರೆ. ಇಷ್ಟು ದೊಡ್ಡ ಸಂಗತಿಯನ್ನು ಈ ಮೂವರು ಗಂಡಸರು ಎಲೆ ಅಡಿಕೆಯ ಜೊತೆಗೆ ಜಗಿಯುತ್ತಿದ್ದರು.

"ಮೊದಲ ಊಟ ಆಗಲಿ," ಎಂದರು ರಾಚಯ್ಯನವರು. "ಲಡಿನೂ ಒಣಗತೈತಿ, ತಂಗಿ ತಲೀನೂ ತಣ್ಣಗಾಗತೈತಿ."

---

ಗಂಡಸರಿಗೆ ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಕರಾರಿಗೆ ಸಹಿ ಮಾಡಬೇಕಾದವಳಿಗೆ ಅಡುಗೆಮನೆಯ ಬಾಗಿಲ ಪಕ್ಕ, ಜೋಳದ ಚೀಲಗಳ ನಡುವೆ ತಾಟು ಇಟ್ಟಿದ್ದರು.

ಗುರುಸಿದ್ದವ್ವ ಹೋಳಿಗೆ ಮುರಿದು ಬಾಯಿಗೆ ಇಟ್ಟುಕೊಂಡಳು. ಹಲ್ಲಿಗೆ ಏನೋ ಕಟುಮ್ ಎಂದಿತು. ಮರಳೇನೋ ಎಂದುಕೊಂಡಳು. ಇನ್ನೊಂದು ತುತ್ತಿಗೂ ಅದೇ. ಹೋಳಿಗೆಯನ್ನು ಬಿಡಿಸಿ ಹೂರಣವನ್ನು ಬೆರಳಿನಿಂದ ತಿಕ್ಕಿದಳು. ಕಡಲೆಬೇಳೆ ಚೂರುಚೂರಾಗಿ, ಬೇಯದೆ, ಒರಳಿಗೂ ಬಗ್ಗದೆ ಹಾಗೇ ಕೂತಿತ್ತು.

ಶಿವಲಿಂಗವ್ವನವರ ಹೋಳಿಗೆ ಇದು. ರಾಚಯ್ಯನವರ ಹೆಂಡತಿಯ ಕೈಯ ಹೂರಣ ಬೆಣ್ಣೆಯಂತೆ ಅಂತ ಮದುವೆ ಮನೆಯವರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅಂಥವರ ಬೇಳೆ ಬೇಯಲಿಲ್ಲವೇ? ಪಡಸಾಲೆಯ ಕಡೆ ಕಿವಿಗೊಟ್ಟಳು. ಅಲ್ಲಿ ತುಪ್ಪ ಸುರಿಯುವ ಸದ್ದು, ಸುರ್ರೆಂದು ಹಾಲು ಹೀರುವ ಸದ್ದು. ಮಾಸ್ತರರು ಇನ್ನೊಂದು ಬಡಿಸಿಕೊಳ್ಳುತ್ತಿದ್ದರು. ಯಾರೊಬ್ಬರೂ ಏನೂ ಅನ್ನಲಿಲ್ಲ.

ತಾಟು ಹಿಡಿದುಕೊಂಡೇ ಅವಳು ಒಳಗೆ ಹೋದಳು.

ಶಿವಲಿಂಗವ್ವ ಒಲೆಯ ಮುಂದೆ ಕೂತು ಹಂಚಿನ ಮೇಲಿನ ಹೋಳಿಗೆ ಮಗುಚುತ್ತಿದ್ದರು. ಐವತ್ತೈದು ದಾಟಿದ ಹೆಂಗಸು. ಹೊಗೆಗೋ ಇನ್ನೇತಕ್ಕೋ ಕಣ್ಣು ಕೆಂಪಾಗಿದ್ದವು.

"ಬ್ಯಾಳಿ ಕುದಿಲಿಲ್ಲೇನ್ರಿ ಅಮ್ಮಾರ?"

"ನಸಕಿನ್ಯಾಗ ಒಲಿ ಮ್ಯಾಲೆ ಇಟ್ಟದ್ದು. ಒಂದು ಹೊರಿ ಕಟಗಿ ಸುಟ್ಟೇನಿ."

"ಆದರೂ ಕುದಿಲಿಲ್ಲ?"

"ನೀ ಒಬ್ಬಾಕಿ ಕೇಳಿದಿ ನೋಡು. ಹೊರಗ ಕುಂತವರಿಗೆ ತುಪ್ಪ ಇದ್ರ ಆತು, ಹಂಚಿನ ತುಣುಕು ಕೊಟ್ರೂ ತಿಂತಾರ."

"ಯಾವ ನೀರು ಹಾಕಿದ್ರಿ?"

ಶಿವಲಿಂಗವ್ವನ ಕೈ ನಿಂತಿತು. ಮತ್ತೆ ಚಲಿಸಿತು.

"ಹಿಂಗ್ಯಾಕ ಕೇಳ್ತಿ? ಮನೀ ಬಾಗಲದಾಗ ಬಾವಿ ಇಟಗೊಂಡು ಇನ್ಯಾರ ನೀರು ಹಾಕಲಿ."

ಗುರುಸಿದ್ದವ್ವ ಸುತ್ತ ನೋಡಿದಳು. ಪಾತ್ರೆಗಳು ಬೆಳ್ಳಗೆ ಬೆಳಗಿದ್ದವು. ಮೂಲೆಯಲ್ಲಿ ಎರಡು ಕೊಡಗಳು, ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಿದ್ದು. ಹಿತ್ತಲ ಬಾಗಿಲ ಗೂಟಕ್ಕೆ ಒಂದು ಸಿಂಬಿ ತೂಗುತ್ತಿತ್ತು. ತಲೆಯ ಮೇಲೆ ಕೊಡ ಹೊರಲು ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಅವಳು ಮುಟ್ಟಿ ನೋಡಿದಳು.

"ಬಾಗಲದಾಗ ಬಾವಿ ಇದ್ದವರಿಗೆ ಸಿಂಬಿ ಯಾಕ ಬೇಕ್ರಿ? ಅದೂ ಇನ್ನೂ ಹಸಿ ಐತಿ."

ಒಲೆಯಲ್ಲಿ ಕಟ್ಟಿಗೆ ಚಿಟಿಲೆಂದಿತು. ಶಿವಲಿಂಗವ್ವ ಹೋಳಿಗೆಯನ್ನು ಹಂಚಿನಿಂದ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಪಡಸಾಲೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದರು.

"ಊರ ನಳಕ್ಕ ಹೋಗಿ ತರತೇನಿ," ಎಂದರು. "ಬ್ಯಾಸಗಿಂದ. ಮಂದಿ ಏಳೂದರಾಗ ಹೋಗಿ ಬರತೇನಿ, ಬಾವಿ ಇದ್ದ ಮನಿ ಅಮ್ಮ ನಳಕ್ಕ ಬಂದಾಳ ಅನ್ನಬಾರದು ನೋಡು."

"ಬ್ಯಾಸಗ್ಯಾಗ ಬಾವಿ ಆಳಾ ಮಾಡ್ಸಿದ್ರಲ್ಲ. ನೀರು ಹೆಚ್ಚಾತು ಅಂತ ಊರೆಲ್ಲಾ ಮಾತಾಡಿತು."

"ಹೆಚ್ಚಾತು. ಮದ್ದು ಇಟ್ಟು ಕೆಳಗಿನ ಬಂಡಿಗಲ್ಲು ಒಡಿಸಿದರು. ಅದರ ಬುಡಕ್ಕ ಸವಳು ಸೆಲಿ ಇತ್ತು. ಎದ್ದು ಕುಂತಿತು." ಅವರು ಸಣ್ಣಗೆ ನಕ್ಕರು. "ಅವತ್ತಿಂದ ನನ್ನ ಬ್ಯಾಳಿ ಕುದೀವಲ್ದು. ನಾಕು ದಿನ ನಮ್ಮನಿಯವರು ನನಗ ಬೈದರು, ಕೈ ಕೆಟ್ಟಿತು ಅಂತ. ಆಮ್ಯಾಲೆ ನಳದ ನೀರು ತಂದು ಹಾಕಿದೆ, ಸುಮ್ಮನಾದರು."

ಗುರುಸಿದ್ದವ್ವ ತಾಟಿನಲ್ಲಿದ್ದ ಹೋಳಿಗೆಯನ್ನೇ ನೋಡಿದಳು. ಬಾವಿಯೇ ಕೆಟ್ಟಿತ್ತು. ಮುಂಗಾರಿನಿಂದ ಅವಳು ತನ್ನ ಪುಡಿಯನ್ನು ಶಂಕಿಸಿದ್ದಳು, ತನ್ನ ಹೆಂಗಸರ ಕೈಯನ್ನು ಶಂಕಿಸಿದ್ದಳು, ರಾತ್ರಿ ಮಲಗಿದಾಗ ತನ್ನ ವಯಸ್ಸನ್ನೇ ಶಂಕಿಸಿದ್ದಳು. ಇಲ್ಲಿ ಒಬ್ಬಳಿಗೆ ಗೊತ್ತಿತ್ತು.

"ನೀವು ನನಗ ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ತವರಿಗೆ ಹೋಗು ಅಂದಾರ. ನನ್ನ ತವರು ಎಲ್ಲೈತಿ ಗುರುಸಿದ್ದವ್ವ? ಇದ್ದವರೆಲ್ಲಾ ಮಣ್ಣಾಗ್ಯಾರ."

"ಹಂಗಾದ್ರ ಇವತ್ತು ಈ ಹೋಳಿಗಿ..."

"ನಳದ ನೀರು ಇಲ್ಲೇ ಇತ್ತು." ಶಿವಲಿಂಗವ್ವ ಮೂಲೆಯ ಕೊಡಗಳ ಕಡೆ ಕಣ್ಣು ಹೊರಳಿಸಿದರು. "ಬ್ಯಾಳಿಗೆ ಬೇಕಂತ ಬಾವಿ ನೀರು ಹಾಕಿದೆ. ಅಂಗಳದಾಗ ನಿಂತು ನೀ ಹಂಗ ಲಡಿ ನೋಡಾಕ ಹತ್ತಿದಾಗ, ಈ ಬ್ಯಾಳಿ ಚೆಲ್ಲಿ ನಳದ ನೀರಾಗ ಬ್ಯಾರೆ ಇಡಲೇನು ಅಂತ ಒಂದು ಸಲ ಅಂಜಿಕಿ ಆತು. ಮಾಡಲಿಲ್ಲ."

ತನ್ನ ಕೈಗುಣಕ್ಕೆ ಊರಲ್ಲಿದ್ದ ಹೆಸರನ್ನು ಈ ಹೆಂಗಸು ಇವತ್ತು ಒಲೆಗೆ ಹಾಕಿದ್ದಳು. ಅದಕ್ಕೆ ಕೃತಜ್ಞತೆ ಹೇಳಬೇಕೋ, ಇಷ್ಟು ತಿಂಗಳ ಮೌನಕ್ಕೆ ಜಗಳ ಆಡಬೇಕೋ ಗುರುಸಿದ್ದವ್ವನಿಗೆ ತಿಳಿಯಲಿಲ್ಲ.

"ಬಾವಿ ಸವಳಾದರ ಟಾಕಿ ನೀರು ಹೆಂಗ ಸಿಹಿ ಆತ್ರಿ? ನಾನ ಕೊಡ ಮುಳುಗಿಸೇನಿ."

"ಟಾಕಿ ನಿನ್ನೆ ಖಾಲಿ ಮಾಡಿದರು. ನಸಕಿನ್ಯಾಗ ಒಂದು ಗಾಡಿ ಬಂತು, ಟಾಕಿಗೆ ಸಿಹಿನೀರು ತುಂಬಿ ಹೋತು. ನಾ ನಳದಿಂದ ಬರೂವಾಗ ಕಂಡೆ."

"ಯಾರ ಗಾಡಿ?"

"ನಿಂದ."

"ನಬಿಸಾಬ ಇದ್ದನೇನು?"

"ಇಲ್ಲ." ಶಿವಲಿಂಗವ್ವ ದನಿ ಇನ್ನೂ ಇಳಿಸಿದರು. "ನಿನ್ನ ಮೈದುನ. ಒಬ್ಬನ. ಎತ್ತು ಹೊಡಿಯಾಕ ಬರೂದಿಲ್ಲ ಅವಗ, ಮೂಗುದಾಣಿ ಹಿಡದು ಎಳಕೊಂಡು ಬಂದಿದ್ದ."

ಪಡಸಾಲೆಯಲ್ಲಿ ನೀಲಪ್ಪ ನಗುವುದು ಕೇಳಿಸಿತು. ಹಬ್ಬದ ದಿನ ಬೆಳಿಗ್ಗೆ ಅವನು ಎಲ್ಲಿಗೆ ಹೋಗಿದ್ದನೆಂದು ಅವಳು ಕೇಳಿರಲಿಲ್ಲ. ಎಣ್ಣೆ ಸ್ನಾನಕ್ಕೆ ನೀರು ಕಾಯಿಸಿ ಅವನ ದಾರಿ ನೋಡಿದ್ದಳು.

"ಈ ಮಾತು ಹೊರಗ ಬಂದು ಹೇಳತೀರೇನ್ರಿ ಅಮ್ಮಾರ?"

"ಇಲ್ಲ ತಂಗಿ. ನನ್ನ ಕಡಿಂದ ಆಗೂದಿಲ್ಲ. ಬ್ಯಾಳಿ ಹೇಳಿದಷ್ಟ ನಂದು."

ಬೇಡವೆಂದುಕೊಂಡಳು ಗುರುಸಿದ್ದವ್ವ. ಸಾಕ್ಷಿ ಬೇಕಿಲ್ಲ. ಟಾಕಿಯನ್ನು ಬಿಟ್ಟು ನೇರ ಬಾವಿಯಿಂದ ನೀರು ಎತ್ತಿಸಿದರೆ ಆಯಿತು. ಎಲ್ಲರೆದುರು ಎಂಜಿನ್ನು ಹಚ್ಚಲಿ, ಇನ್ನೊಂದು ಲಡಿ ಅದ್ದಲಿ. ಸವಳು ಇದ್ದರೆ ಒಣಗಿಸಿ ತಿಕ್ಕಿದ ಕೂಡಲೇ ಧೋತರಕ್ಕೆ ಕೆಂಪು ಹತ್ತುತ್ತದೆ. ಯಾರ ಹೆಸರನ್ನೂ ಎತ್ತುವ ಅಗತ್ಯವಿಲ್ಲ.

ತಾಟನ್ನು ಕೆಳಗಿಟ್ಟು ಕೈ ತೊಳೆದುಕೊಂಡು ಅವಳು ಬಾಗಿಲು ತೆರೆದಳು.

---

ಪಡಸಾಲೆಯ ಚಿತ್ರವೇ ಬದಲಾಗಿತ್ತು.

ಲಡಿ ಒಣಗಿತ್ತು. ಮಾಸ್ತರರ ಧೋತರದ ಚುಂಗಿಗೆ ತಿಕ್ಕಿಯೂ ಆಗಿತ್ತು. ಧೋತರ ಬೆಳ್ಳಗೇ ಇತ್ತು. ಕರಾರು ಚಾಪೆಯ ಮೇಲೆ ಬಿಚ್ಚಿಕೊಂಡಿತ್ತು, ಅದರ ಮೇಲೆ ಪೆನ್ನು. ಚಾಪೆಯ ಆಚೆ, ಮೆಟ್ಟಿಲ ಕೆಳಗೆ, ತಲೆಯ ವಸ್ತ್ರವನ್ನು ಕೈಯಲ್ಲಿ ಹಿಡಿದುಕೊಂಡು ನಬಿಸಾಬ ನಿಂತಿದ್ದ.

"ಬರ್ರಿ ಗುರುಸಿದ್ದವ್ವಾರ," ಎಂದರು ಮಾಸ್ತರರು. "ನಿಮ್ಮ ತ್ರಾಸು ಹರೀತು. ಈತ ಒಪ್ಪಿಕೊಂಡ."

"ಏನು ಒಪ್ಪಿಕೊಂಡ?"

"ಹೇಳೋ, ನಿನ್ನ ಬಾಯಿಲೆ ಹೇಳು."

ನಬಿಸಾಬ ನೆಲ ನೋಡುತ್ತ ಹೇಳಿದ. "ಹೌದ್ರಿ ಅವ್ವಾರ. ಹಳ್ಳದ ನೀರು ನಾನ ಬೆರಸೇನಿ."

ಸುಳ್ಳು ಎಂದು ಅವಳಿಗೆ ಗೊತ್ತು, ಅವನಿಗೂ ಗೊತ್ತು. ಆದರೆ ಕಳ್ಳನೇ ಕಳ್ಳತನ ಒಪ್ಪಿಕೊಂಡ ಮೇಲೆ ಇನ್ನೊಂದು ಲಡಿ ಯಾಕೆ ಎಂದು ಕೇಳುತ್ತಾರೆ. ಆದರೂ ಅವಳು ಬಿಡಲಿಲ್ಲ.

"ಎಂಜಿನ್ ಹಚ್ಚರಿ," ಎಂದಳು ಅವಳು. "ಬಾವಿ ನೀರಿನ್ಯಾಗ ಇನ್ನೊಂದು ಲಡಿ ಅದ್ದಿ ನೋಡೂಣು."

"ಅದೇನು ಹಟಾ ವೈನಿ," ಎಂದ ನೀಲಪ್ಪ. "ಅವನ ಬಾಯಿಲೆ ಅವನ ಹೇಳ್ಯಾನ. ಮಾಸ್ತರರ ಹೊತ್ತು ಯಾಕ ಕೆಡಸ್ತೀರಿ? ನಾಳಿ ಹುನಗುಂದದ ನೋಂದಣಿ ಕಚೇರಿಗೆ ಬ್ಯಾರೆ ಹೋಗಬೇಕು. ಸಹಿ ಹಾಕ್ರಿ."

"ಹೆಣಮಕ್ಕಳದು ಇದ ಹಣೇಬರಾ," ಎಂದು ಮಾಸ್ತರರು ಗಡಿಯಾರ ನೋಡಿಕೊಂಡರು. ರಾಚಯ್ಯನವರು ಮಾತ್ರ ಏನೂ ಅನ್ನದೆ ಕಂಬಕ್ಕೆ ಒರಗಿ ಕೂತಿದ್ದರು. ಬಾವಿಯ ಯಜಮಾನರು ಬಾವಿಯ ಮಾತಿಗೆ ಯಾಕೆ ಇಷ್ಟು ಸುಮ್ಮನಿದ್ದಾರೆ ಎಂದು ಅವಳಿಗೆ ಆಗ ಮೊದಲ ಸಲ ಅನ್ನಿಸಿತು.

ಅವಳು ಮೆಟ್ಟಿಲಿಳಿದು ನಬಿಸಾಬನ ಎದುರಿಗೆ ಹೋಗಿ ನಿಂತಳು.

"ನಬಿಸಾಬ, ನನ್ನ ಮಾರಿ ನೋಡು. ನೀ ಬೆರಸಿಲ್ಲ. ಯಾಕ ಒಪ್ಪಿಕೊಂಡಿ?"

"ಕೇಳಬ್ಯಾಡ್ರಿ ಅವ್ವಾರ."

"ಕೇಳತೇನಿ."

"ಕೇಳಿದ್ರ ನಿಮ್ಮ ಮನಿ ಮಾತು ಹೊರಗ ಬರತೈತಿ."

ಮನೆಯ ಮಾತು. ಇಪ್ಪತ್ತು ವರ್ಷ ಅವಳು ಆ ಮಾತಿಗೆ ಬಾಗಿಲು ಹಾಕಿಕೊಂಡೇ ಬದುಕಿದ್ದಳು. ಒಳಗಿನ ಬಾಗಿಲ ಸಂದಿಯಲ್ಲಿ ಶಿವಲಿಂಗವ್ವನ ಸೀರೆಯ ಅಂಚು ಕಾಣುತ್ತಿತ್ತು.

"ಬರಲಿ," ಎಂದಳು. "ಇಲ್ಲೇ ಹೇಳು. ಎಲ್ಲಾರ ಮುಂದ."

"ಲೇ ನಬ್ಯಾ," ಎಂದ ನೀಲಪ್ಪ. ಅಷ್ಟೇ ಅಂದ.

ನಬಿಸಾಬ ಅವನ ಕಡೆ ನೋಡಿದ, ಅವಳ ಕಡೆ ನೋಡಿದ. ವಸ್ತ್ರವನ್ನು ತಲೆಗೆ ಸುತ್ತಿಕೊಂಡ.

"ಈಗ ನೀವು ಊಟಕ್ಕ ಕುಂತಾಗ ಇವರು ಬಂದು ಹೇಳಿದ್ರು. ತಪ್ಪು ನಿಂದ ಅಂತ ಒಪ್ಪಿಕೋ, ಇಲ್ಲಾಂದ್ರ ಸಂಜೀಕ ಗಾಡಿ ಬಿಡಸ್ತೇನಿ, ಊರಾಗ ಯಾರೂ ನಿನ್ನ ಕೆಲಸಕ್ಕ ಇಟಗೊಳ್ಳದಂಗ ಮಾಡ್ತೇನಿ ಅಂದ್ರು. ನಾ ಹ್ಞೂ ಅಂದೆ. ನೀವು ಕೇಳಾಕ ಹತ್ತೀರಿ, ಹೇಳತೇನಿ. ಈ ಬಾವಿ ರಾಚಯ್ಯ ಅಯ್ಯಾರದಲ್ರಿ. ಬ್ಯಾಸಗ್ಯಾಗ ಮಾರ್ಯಾರ. ಆಳಾ ಮಾಡಿಸಿದವರೂ ಅಯ್ಯಾರಲ್ಲ."

"ಮತ್ಯಾರು?"

ಅವನು ಹೆಸರು ಹೇಳಲಿಲ್ಲ. ಕಣ್ಣಿನಿಂದ ನೀಲಪ್ಪನ ಕಡೆ ತೋರಿಸಿದ.

ಮಾಸ್ತರರು ಚಾಪೆಯ ಮೇಲಿನ ಕಾಗದವನ್ನೊಮ್ಮೆ, ರಾಚಯ್ಯನವರನ್ನೊಮ್ಮೆ ನೋಡಿದರು. ರಾಚಯ್ಯನವರು ಶಲ್ಯದಿಂದ ಮುಖ ಒರೆಸಿಕೊಂಡರು. "ಹೆಸರು ಅಷ್ಟ ನಂದು ಇರಲಿ ಅಂದ. ನನಗ್ಯಾಕ ಬೇಕಾಗಿತ್ತು ಈ ಉಸಾಬರಿ," ಎಂದು ಗೊಣಗಿದರು.

ಗುರುಸಿದ್ದವ್ವ ಮೈದುನನ ಕಡೆ ತಿರುಗಿದಳು. ಅವನು ಇಲ್ಲವೆನ್ನುತ್ತಾನೆ ಎಂದು ಕಾದಳು. ನಬಿಸಾಬನ ಮೇಲೆ ಕೈ ಎತ್ತುತ್ತಾನೆ ಎಂದು ಕಾದಳು. ಅವಮಾನವಾದವನಂತೆ ಎದ್ದು ಹೋದರೂ ಸಾಕಿತ್ತು.

ನೀಲಪ್ಪ ಎದ್ದ. ಚಾಪೆಯ ಮೇಲಿನ ಪೆನ್ನನ್ನು ಎತ್ತಿಕೊಂಡು, ಮುಚ್ಚಳ ತೆಗೆದು, ಅವಳ ಮುಂದೆ ಹಿಡಿದ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಅವಳು ಸೊಸೆಯಾಗಿ ಬಂದಂದಿನಿಂದ ಒಂದು ಸಲವೂ 'ರಿ' ಬಿಟ್ಟು ಅವಳ ಜೊತೆ ಮಾತಾಡಿದವನಲ್ಲ ಅವನು.

"ಖರೆ ವೈನಿ," ಎಂದ. "ಬಾವಿ ನಂದ. ಈಗ ಹೇಳು, ನಾಳಿ ನೀರು ಯಾರ ಕಡೆ ಬೇಡ್ತಿ?"